ನ್ಯಾಯವಾದ ಸವೆತ

ವಿಕ್ಟೋರಿಯಾ ಚೌಕದ ಸುತ್ತ ಕೂತಿವೆ ಅಡಿಲೇಡಿನ ಕೋರ್ಟುಗಳು,
ಕಲ್ಲಿನ ಕಂಬ, ಕಲ್ಲಿನ ಗಾಂಭೀರ್ಯ,
ನಡುವೆ ಕಡಲಿಗೆ ಹೊರಟ ಟ್ರಾಮಿನ ಗಂಟೆ.
ನೀಲಗಂಗವ್ವ ಮೊದಲು ಹೋಗಿದ್ದು ಅಲ್ಲಿಗೇ.
ಬಳೆ ಬಿಚ್ಚಿ ತಟ್ಟೆಗಿಟ್ಟು, ಕಮಾನಿನಡಿ ತೂರಿ.
ಚೀಲದಲ್ಲಿ ಹೋಟೆಲಿನ ಕೆಲಸಕ್ಕೆ ಕೊಂಡ ಬೆಳ್ಳುಳ್ಳಿ.
ಕಾವಲಿನವ ಕಾಗದ ನೋಡಿ ತಲೆಯಾಡಿಸಿದನಂತೆ:
ಇಲ್ಲಿ ಕಳವು, ಕುಡಿತ, ಕೈಮಾಡಿದ್ದು.
ಬಾಡಿಗೆ ಮನೆಯ ತಕರಾರು ಎರಡು ಬೀದಿಯಾಚೆ,
ವಿಮೆ ಕಂಪನಿಯ ಮೇಲಿನ ಮಹಡಿ.

ಕೋರ್ಟಿನ ಮೆಟ್ಟಿಲು ಹತ್ತಬೇಡ ಅಂದಿದ್ದನಂತೆ ಅವಳಪ್ಪ,
ಗೆದ್ದವ ಸೋತ, ಸೋತವ ಸತ್ತ.
ಇಲ್ಲಿ ಮೆಟ್ಟಿಲೇ ಇಲ್ಲ. ಲಿಫ್ಟು.
ಬೂದು ನೆಲಹಾಸು, ನೀರಿನ ಜಗ್ಗು, ಒಂದು ಪೆಟ್ಟಿಗೆ ಟಿಶ್ಯೂ.
ಪಕ್ಕದ ಕೋಣೆಯಲ್ಲಿ
ಮರೆವು ಹತ್ತಿದವರೊಬ್ಬರ ಹಣ ಯಾರ ಕೈಗೆ ಎಂಬ ವಿಚಾರಣೆ,
ಅದರಾಚೆ ಕೊಳಾಯಿ ಕೆಲಸದವನ ರದ್ದಾದ ಪರವಾನಗಿ.
ನಮ್ಮ ಮೇಜಿನಾಚೆ, ಏಸಿಯ ಚಳಿಗೆ ಕಾರ್ಡಿಗನ್ ಹೊದ್ದ ಫಿಲಿಪಾ.
ನ್ಯಾಯಾಧೀಶೆ ಅನ್ನಬಾರದು, ಸದಸ್ಯೆ ಅನ್ನಬೇಕು.
"ಯಾವುದರ ಸದಸ್ಯರ್ರೀ?" ಅಂದಳು ನೀಲಗಂಗವ್ವ.
ಅದನ್ನೂ ಇಂಗ್ಲಿಷಿಗೆ ತಿರುಗಿಸಿದೆ.
ಸದಸ್ಯೆ ತುಸು ಯೋಚಿಸಿದರು.

ನಾನು ದುಭಾಷಿ.
ವರ್ಷಕ್ಕೆ ಎರಡೋ ಮೂರೋ ಸಲ ಕನ್ನಡಕ್ಕೆ ಕರೆ.
ಮೊದಲು ನನ್ನದೇ ಪ್ರಮಾಣ: ಕೂಡಿಸೆನು, ಕಳೆಯೆನು.
ಅವಳು "ನಾನು" ಎಂದರೆ ನಾನೂ "ನಾನು" ಎನ್ನಬೇಕು,
ಮನೆಯೊಡೆಯ ಸ್ಟಾವ್ರೊಸ್ "ನಾನು" ಎಂದರೂ "ನಾನು".
ಒಂದೇ ಬಾಯಲ್ಲಿ
ಬಾಡಿಗೆ ಕೊಟ್ಟೆ, ಇಸಿದುಕೊಂಡೆ,
ಅರಿಶಿನ ಚೆಲ್ಲಿದೆ, ಚೆಲ್ಲಿದ್ದು ಕಂಡು ಸಿಟ್ಟಾದೆ.

ಫೋಟೊ ಬಂತು. ಬಿಳಿ ಅಡುಗೆಕಟ್ಟೆಯ ಮೇಲೆ
ಅಂಗೈಯಗಲ ಹಳದಿ, ಒಂಬತ್ತು ವರ್ಷದ್ದು.
ಅದರಡಿ ಸಿಕ್ಕಿಬಿದ್ದಿದೆ
ಸಾವಿರದ ನಾನೂರು ಡಾಲರು ಠೇವಣಿ.

ಆಗ ಸದಸ್ಯೆ ಆ ಮಾತು ಅಂದರು. ಕಾಯಿದೆಯ ಮಾತು:
ಬಾಳಿದ ಮನೆ ಬಾಳಿದಷ್ಟು ಹಳತಾಗುತ್ತದೆ,
ಅದಕ್ಕೆ ದಂಡವಿಲ್ಲ ಎಂಬುದನ್ನು
ನಾಲ್ಕೇ ಪುಟ್ಟ ಪದಕ್ಕೆ ಮಡಚಿಟ್ಟದ್ದು.
ತಡವರಿಸಿದೆ. "ನ್ಯಾಯವಾದ ಸವೆತ" ಎಂದೆ.
ಸವೆತದಲ್ಲಿ ನ್ಯಾಯ ಎಂಥದು?
ಜೊತೆಗೆ ಹರಿದದ್ದೂ ಒಂದಿತ್ತಲ್ಲ, ಅದೆಲ್ಲಿ ಬಿತ್ತು?
ಕಳೆಯೆನು ಅಂದಿದ್ದೆ.

ಅವಳಿಗೆ ತಿಳಿಯಿತು, ನನಗಿಂತ ಬೇಗ.
"ಹೊಸ್ತಿಲ ಸವೀಲಾರದ ಮನಿ ಎಲ್ಲೆರ ಐತೇನ್ರಿ?
ಒಂಬತ್ತು ವರ್ಸ ಆ ಕಟ್ಟಿಮ್ಯಾಲ ರೊಟ್ಟಿ ಬಡದೇನಿ.
ನನ್ನ ಅಂಗೈನೂ ಸವದೈತಿ, ನೋಡ್ರಿ ಬೇಕಾದ್ರ.
ಇದಕ್ಕ ಠೇವಣಿ ಯಾರು ಇಟ್ಟಾರ?"
ನುಣುಪು ಕೈಗಳನ್ನು ಮೇಜಿನಡಿ ಮಡಚಿಕೊಂಡು
ಇಂಗ್ಲಿಷಿನಲ್ಲಿ ಹೇಳಿದೆ:
ನನ್ನ ಅಂಗೈಯೂ ಸವೆದಿದೆ.

ಇಪ್ಪತ್ತೆರಡು ನಿಮಿಷ.
ನೂರ ಅರವತ್ತು ಅವನಿಗೆ, ಒಲೆಯ ಮುರಿದ ತಿರುಪಿಗೆ.
ಉಳಿದದ್ದು ಅವಳಿಗೆ. ಕಲೆಗೆ ಸೊನ್ನೆ.
"ನಾ ಗೆದ್ದೆನೇನ್ರಿ?"
ನಾನು ಗೆದ್ದೆನೇ ಎಂದು ನಾನು ಸದಸ್ಯೆಯನ್ನು ಕೇಳಿದೆ.
ಅವರು ಕಡತ ಮುಚ್ಚಿ ನೀರು ಕುಡಿದರು.

ಲಿಫ್ಟಿನಲ್ಲಿ ಮೂವರೇ. ಪ್ರಮಾಣ ಮೇಲೆಯೇ ಉಳಿದಿತ್ತು.
ಸ್ಟಾವ್ರೊಸ್ ಬಾಗಿಲ ಕಡೆ ಮುಖ ಮಾಡಿಯೇ ಕೇಳಿದ:
ಅದು ಹೋಗುವುದಾದರೂ ಹೇಗೆ? ಏನೇನೋ ಹಾಕಿ ಉಜ್ಜಿದೆ.
ಯಾರೂ ಕೂಲಿ ಕೊಡದ ಆ ಮಾತನ್ನು ಕನ್ನಡಕ್ಕೆ ತಂದೆ.
ನೀಲಗಂಗವ್ವ ನಕ್ಕಳು.
"ಉಜ್ಜಬ್ಯಾಡ ಅನ್ರಿ. ಕಿಟಕಿ ಪರದೆ ಸರಸಿ ಬಿಡಾಕ ಹೇಳ್ರಿ.
ಅರಿಶಿಣ ಬಿಸಲಿಗೆ ತಾನ ಹೊಕ್ಕೈತಿ."

ಹೊರಗೆ ಜನವರಿ, ನಲವತ್ತೊಂದು ಡಿಗ್ರಿ,
ಪೇಟೆಯೆಲ್ಲ ಬಿಳಿಚಿಕೊಳ್ಳುವ ಬಿಸಿಲು.
"ಆಕೆ ಹೇಳುತ್ತಾಳೆ..." ಎಂದು ಶುರುಮಾಡಿದೆ,
ಬೆಳಗಿನಿಂದ ಮೊದಲ ಸಲ,
ಆಕೆ.